ಗೂಡುದೀಪದ ಕಿಟ್: ಬಿದಿರು, ಕಾಗದಕ್ಕೆ ಹೂಂ, ದಾರಕ್ಕೆ ಊಹೂಂ

ದೀಪಾವಳಿ ಹತ್ತಿರ ಬಂತೆಂದರೆ ಆನ್‌ಲೈನ್ ಅಂಗಡಿಗಳಲ್ಲಿ ‘ನೀವೇ ಮಾಡಿ ಗೂಡುದೀಪ’ ಎಂಬ ರಟ್ಟಿನ ಪೆಟ್ಟಿಗೆಗಳು ಕಾಣಿಸಿಕೊಳ್ಳುತ್ತವೆ. ಕರಾವಳಿಯವರಿಗೆ ಗೂಡುದೀಪ, ಘಟ್ಟದ ಮೇಲಿನವರಿಗೆ ಆಕಾಶಬುಟ್ಟಿ, ವಸ್ತು ಒಂದೇ. ಬಿದಿರು ಕಡ್ಡಿ, ಬಣ್ಣದ ಕಾಗದ, ದಾರ, ಅಂಟು. ಇಲ್ಲಿ ನೋಡುತ್ತಿರುವುದು 499 ರೂಪಾಯಿಯ ಕಿಟ್. ಒಳಗೆ 27 ಸೆಂ.ಮೀ. ಉದ್ದದ 24 ಕಡ್ಡಿ, 50×70 ಸೆಂ.ಮೀ. ಅಳತೆಯ 6 ಹಾಳೆ ಗಾಳಿಪಟದ ಕಾಗದ, 10 ಮೀಟರ್ ನೈಲಾನ್ ದಾರ, ಒಂದು ಸಣ್ಣ ಅಂಟಿನ ಬಾಟಲಿ, ಸೂಚನೆಯ ಚೀಟಿ. ಬಲ್ಬು, ವೈರು ಇಲ್ಲ.

ಮೊದಲು ಒಳ್ಳೆಯ ಮಾತು. ಕಡ್ಡಿಗಳು ಯಂತ್ರದಲ್ಲಿ ಸೀಳಿದವು, 6 ಮಿ.ಮೀ. ಅಗಲ, 3 ಮಿ.ಮೀ. ದಪ್ಪ, ಅಂಚು ಉಜ್ಜಿದ್ದಾರೆ. ಮಕ್ಕಳ ಬೆರಳಿಗೆ ಸಿಬಿರು ಚುಚ್ಚುವುದಿಲ್ಲ. ಆದರೆ ಮೂರ್ನಾಲ್ಕು ಕಡ್ಡಿಗಳಲ್ಲಿ ಗಿಣ್ಣು ನಟ್ಟನಡುವೆಯೇ ಇದೆ. ಕಡ್ಡಿ ಮುರಿಯುವುದು ಅಲ್ಲೇ. ಬೇಕಾದದ್ದೇ 24, ಕೊಟ್ಟಿದ್ದೂ 24. ಒಂದು ಮುರಿದರೆ ಕೆಲಸ ನಿಂತಿತು. ಕಟ್ಟುವ ಮೊದಲು ಒಂದೊಂದನ್ನೂ ಮೆಲ್ಲಗೆ ಬಾಗಿಸಿ ನೋಡಿ. ಗಿಣ್ಣಿನ ಬಳಿ ಚಟಕ್ ಎಂದರೆ ಅಲ್ಲಿಗೆ ನೂಲು ಸುತ್ತಿ ಅಂಟು ಸವರಿ. ನಾಲ್ಕು ಕಡ್ಡಿ ಹೆಚ್ಚಿಗೆ ಹಾಕಿದ್ದರೆ ತಯಾರಕರಿಗೆ ಎಷ್ಟು ನಷ್ಟವಾಗುತ್ತಿತ್ತೋ!

ಆಕಾರ ಸಾಂಪ್ರದಾಯಿಕವೇ. ಆರು ಚೌಕ, ಅವುಗಳ ನಡುವೆ ತಾನಾಗಿ ಮೂಡುವ ಎಂಟು ತ್ರಿಕೋನ. ತಳಕ್ಕೊಂದು ಚೌಕ, ನೆತ್ತಿಗೊಂದು. ಉಳಿದ ನಾಲ್ಕು ಚೌಕಗಳು ಮೂಲೆಯ ಮೇಲೆ ನಿಂತು ಸುತ್ತಲೂ ಕೈಕೈ ಹಿಡಿದುಕೊಳ್ಳುತ್ತವೆ. ಕಡ್ಡಿಯ ಎರಡೂ ತುದಿಗಳಲ್ಲಿ ಒಂದೊಂದು ಸೆಂ.ಮೀ. ಬಿಟ್ಟು ಕಟ್ಟಿದರೆ ಚೌಕದ ಬದಿ 25 ಸೆಂ.ಮೀ., ದೀಪದ ಎತ್ತರ ಸುಮಾರು 35, ಮೂಲೆಯಿಂದ ಮೂಲೆಗೆ ಅಗಲ 50. ಹೀಗೆ ತುದಿ ಬಿಡಬೇಕೆಂದು ಚೀಟಿಯಲ್ಲಿ ಬರೆದೇ ಇಲ್ಲ. ತುದಿಗೆ ತುದಿ ಕೂಡಿಸಿ ಕಟ್ಟಿದರೆ ದಾರ ಜಾರಿ ಹೊರಬರುತ್ತದೆ. ಪೆನ್ಸಿಲಿನಲ್ಲಿ ಮೊದಲೇ ಗುರುತು ಹಾಕಿಕೊಳ್ಳುವುದು ಒಳ್ಳೆಯದು.

ಈಗ ದಾರದ ವಿಷಯ. ಕಿಟ್ ಕೆಟ್ಟಿರುವುದು ಇಲ್ಲೇ. ಹೊಳೆಯುವ ನೈಲಾನ್ ನುಣುಪು, ಮೇಲಾಗಿ ಎಳೆದರೆ ಹಿಗ್ಗುತ್ತದೆ. ಕಟ್ಟುವಾಗ ಬಿಗಿಯಾಗಿ ಕಾಣುವ ಗಂಟು ರಾತ್ರಿ ಕಳೆಯುವುದರೊಳಗೆ ಸಡಿಲ. ಅಳತೆಯೂ ಸಾಲದು. ಆರು ಚೌಕಗಳ 24 ಮೂಲೆಗೆ ತಲಾ 40 ಸೆಂ.ಮೀ. ಎಂದರೆ 9.6 ಮೀಟರ್, ಅಲ್ಲಿಗೇ ಉಂಡೆ ಮುಗಿಯಿತು. ಚೌಕಗಳನ್ನು ಪರಸ್ಪರ ಸೇರಿಸುವ 12 ಕೂಡುಗಳಿಗೆ ತಲಾ 50 ಸೆಂ.ಮೀ., ತೂಗುಹಾಕಲು ನಾಲ್ಕು ಎಳೆ 60 ಸೆಂ.ಮೀ. ಒಟ್ಟು 18 ಮೀಟರ್. 1 ಮಿ.ಮೀ. ದಪ್ಪದ ಹತ್ತಿಯ ಹುರಿ 20 ಮೀಟರ್ ಬೇರೆಯಾಗಿ ತಂದಿಟ್ಟುಕೊಳ್ಳಿ. ಅದು ಸಿಗದಿದ್ದರೆ ಹೂ ಕಟ್ಟುವ ನೂಲನ್ನೇ ನಾಲ್ಕೆಳೆ ಮಾಡಿ, ಮೇಣದ ಬತ್ತಿಗೆ ಉಜ್ಜಿಕೊಂಡರೆ ಸಾಕು. ನೂಲಿನ ಗಂಟು ಕಡ್ಡಿಯನ್ನು ಕಚ್ಚಿ ಹಿಡಿಯುತ್ತದೆ.

ಚೀಟಿಯಲ್ಲಿ ‘ಗಂಟು ಹಾಕಿ’ ಎಂದಷ್ಟೇ ಇದೆ. ಯಾವ ಗಂಟು? ಸ್ಕೌಟ್ ಮತ್ತು ಗೈಡ್ಸ್‌ನಲ್ಲಿ ಕಲಿತವರಿಗೆ ಹೇಳಬೇಕಿಲ್ಲ, ಉಳಿದವರಿಗೆ ವಿಧಾನ ಇದು. ಎರಡು ಕಡ್ಡಿಗಳನ್ನು ಅಡ್ಡಡ್ಡ ಇಡಿ. ಒಂದಕ್ಕೆ ದಾರವನ್ನು ಒಂದು ಸುತ್ತು ತಂದು, ಅದರ ಮೇಲೇ ಅಡ್ಡ ಹಾಯಿಸಿ, ಇನ್ನೊಂದು ಸುತ್ತು ತಂದು, ತುದಿಯನ್ನು ಆ ಅಡ್ಡದಾರದ ಅಡಿಗೆ ತೂರಿಸಿ ಎಳೆಯಿರಿ. ಇದು ಕ್ಲೋವ್ ಹಿಚ್. ಆಮೇಲೆ ಒಂದರ ಮೇಲೆ, ಇನ್ನೊಂದರ ಕೆಳಗೆ ಎಂಬಂತೆ ಎರಡೂ ಕಡ್ಡಿಗಳನ್ನು ಬಳಸಿ ಮೂರು ಸುತ್ತು. ಕೊನೆಗೆ ಕಡ್ಡಿಗಳ ನಡುವೆ, ಆ ಸುತ್ತುಗಳನ್ನೇ ಹಿಂಡುವಂತೆ, ಎರಡು ಸುತ್ತು. ಬಿಗಿ ಬರುವುದು ಈ ಹಿಂಡುವ ಸುತ್ತಿನಿಂದ. ಅದನ್ನು ಬಿಟ್ಟು ಮೇಲಿನ ಸುತ್ತನ್ನೇ ಹತ್ತು ಮಾಡಿದರೂ ಕಡ್ಡಿ ಅಲ್ಲಾಡುತ್ತದೆ. ಮುಗಿಸಲು ಇನ್ನೊಂದು ಕ್ಲೋವ್ ಹಿಚ್, ಅದರ ಮೇಲೊಂದು ಹನಿ ಅಂಟು. ಎರಡು ತುದಿ ಸೇರಿಸಿ ಗಂಟು ಹಾಕುವುದಾದರೆ ಮೊದಲು ಎಡದ್ದು ಬಲದ ಮೇಲೆ, ಆಮೇಲೆ ಬಲದ್ದು ಎಡದ ಮೇಲೆ. ಎರಡು ಸಲವೂ ಒಂದೇ ಕಡೆಯಿಂದ ಹಾಕಿದರೆ ಜಾರುವ ಗಂಟಾಗುತ್ತದೆ. ಮಕ್ಕಳು ಹತ್ತರಲ್ಲಿ ಎಂಟು ಸಲ ಹಾಕುವುದು ಅದನ್ನೇ.

ಪ್ರತಿ ಚೌಕ ಕಟ್ಟಿದ ಮೇಲೆ ಎರಡೂ ಕರ್ಣಗಳನ್ನು ಅಳೆಯಿರಿ. ಎರಡೂ 35.4 ಸೆಂ.ಮೀ. ಇರಬೇಕು. ಒಂದು 34, ಇನ್ನೊಂದು 37 ಬಂದರೆ ಅದು ಚೌಕವಲ್ಲ, ಹಲ್ವದ ತುಂಡು. ಆರನ್ನೂ ಸೇರಿಸುವಾಗ 12 ಕೂಡುಗಳಿಗೂ ಮೊದಲು ರಬ್ಬರ್ ಬ್ಯಾಂಡ್ ಹಾಕಿ ನಿಲ್ಲಿಸಿ, ಕಣ್ಣಿಗೆ ಸರಿ ಕಂಡ ಮೇಲಷ್ಟೇ ಒಂದೊಂದಾಗಿ ದಾರ ಕಟ್ಟಿ. ಒಂದು ಕಡೆಯಿಂದ ಬಿಗಿ ಮಾಡುತ್ತ ಹೋದರೆ ಕೊನೆಯ ಮೂಲೆ ಎರಡು ಬೆರಳು ದೂರ ಉಳಿದುಬಿಡುತ್ತದೆ.

ಇಷ್ಟಾದರೂ ನೆತ್ತಿ, ತಳ ಹಿಡಿದು ತಿರುಚಿದರೆ ಇಡೀ ಗೂಡು ತಿರುಗಿ ಕುಗ್ಗುತ್ತದೆ. ಗಾಬರಿ ಬೇಡ, ಅದು ಗಂಟಿನ ತಪ್ಪಲ್ಲ. ತ್ರಿಕೋನದ ಆಕಾರ ಕೆಡದು, ಚೌಕದ್ದು ಕೆಡುತ್ತದೆ. ಚೌಕ ವಾಲದಂತೆ ಹಿಡಿಯುವುದು ಬಿಗಿಯಾಗಿ ಅಂಟಿಸಿದ ಕಾಗದ. ಆದ್ದರಿಂದ ಚೌಕಗಳಿಗೇ ಮೊದಲು ಕಾಗದ, ತ್ರಿಕೋನಗಳಿಗೆ ಆಮೇಲೆ. ಚೀಟಿ ಹೇಳುವುದು ಸರಿಯಾಗಿ ತಿರುಗುಮುರುಗು. ಅದರಂತೆ ಮಾಡಿದರೆ ಚೌಕಕ್ಕೆ ಬರುವ ಹೊತ್ತಿಗೆ ಗೂಡು ವಾಲಿರುತ್ತದೆ, ಕತ್ತರಿಸಿಟ್ಟ ಕಾಗದ ಕೂರುವುದಿಲ್ಲ. ತಳದ ಚೌಕ ಬಲ್ಬಿಗಾಗಿ ತೆರೆದೇ ಇರಬೇಕಲ್ಲ; ಅಲ್ಲಿ ಕರ್ಣಗಳ ಮೇಲೆ ಎರಡು ದಾರ ಬಿಗಿದು ಕಟ್ಟಿ.

ಕಾಗದ ಮಾತ್ರ ಮೆಚ್ಚುವಂಥದ್ದು. ತೆಳು, ಬೆಳಕು ಚೆನ್ನಾಗಿ ಹಾಯುತ್ತದೆ, ಬಣ್ಣ ಸಮ. ಸುತ್ತ ಒಂದೂವರೆ ಸೆಂ.ಮೀ. ಅಂಚು ಬಿಟ್ಟರೆ ಚೌಕ 28 ಸೆಂ.ಮೀ. ಆಗುತ್ತದೆ, ಹಾಳೆಗೆ ಎರಡೇ ಬರುತ್ತವೆ. ತ್ರಿಕೋನದ ಬದಿ 30 ಚಿಲ್ಲರೆ, ಹಾಳೆಗೆ ನಾಲ್ಕು. ಲೆಕ್ಕ ಹಾಕಿದರೆ ಐದು ಹಾಳೆ ಮೈಗೆ, ಆರನೆಯದು ಬಾಲಕ್ಕೆ. ಸರಿಯಾಗಿ ಸಾಕು, ಆದರೆ ತಪ್ಪು ಕತ್ತರಿಗೆ ಜಾಗವಿಲ್ಲ. ಹಳೆ ಪತ್ರಿಕೆಯಲ್ಲಿ ಅಚ್ಚು ಕತ್ತರಿಸಿಕೊಂಡು ಆಮೇಲೆ ಬಣ್ಣದ ಕಾಗದಕ್ಕೆ ಕೈಹಾಕಿ.

ಬಾಟಲಿಯ ಅಂಟು ಬೇಗ ಒಣಗುತ್ತದೆ, ಕಾಗದ ಸರಿಸಿ ಕೂರಿಸಲು ಬಿಡುವು ಕೊಡುವುದಿಲ್ಲ. ಮೈದಾ ಅಂಟೇ ಮೇಲು: ಎರಡು ಚಮಚ ಮೈದಾವನ್ನು ತಣ್ಣೀರಲ್ಲಿ ಗಂಟಿಲ್ಲದಂತೆ ಕದಡಿ, ಒಂದು ಲೋಟ ನೀರು ಸೇರಿಸಿ, ಸಣ್ಣ ಉರಿಯಲ್ಲಿ ಕಾಗದಕ್ಕೆ ಹತ್ತುವಷ್ಟು ಮಂದವಾಗುವ ತನಕ ತಿರುವಿ. ಹುಳ ಹಿಡಿಯದಿರಲೆಂದು ಮೈಲುತುತ್ತ ಹಾಕುವ ಹಳೆ ಪದ್ಧತಿ ಇದೆ. ಅದು ವಿಷ, ಮಕ್ಕಳು ಕೂತಿರುವ ಕಡೆ ಬೇಡವೇ ಬೇಡ. ಅಂಟನ್ನು ಕಡ್ಡಿಗೆ ಸವರಬೇಕು, ಕಾಗದಕ್ಕಲ್ಲ. ಕಾಗದ ನೆನೆದರೆ ಹರಿಯುತ್ತದೆ. ಪೂರ್ತಿ ಒಣಗಿದ ಮೇಲೂ ಸುಕ್ಕು ಉಳಿದರೆ ದೂರದಿಂದ ಸಣ್ಣಗೆ ನೀರು ಚಿಮುಕಿಸಿ, ಒಣಗುವಾಗ ಕಾಗದ ಬಿಗಿದುಕೊಳ್ಳುತ್ತದೆ. ಬಣ್ಣ ಬಿಡುತ್ತದೆಯೇ ಎಂದು ಮೊದಲು ಒಂದು ಚೂರಿನ ಮೇಲೆ ನೋಡಿ. ಈ ಕಿಟ್ಟಿನ ಕೆಂಪು ಬಿಡುತ್ತದೆ, ಹಳದಿ ಬಿಡುವುದಿಲ್ಲ.

ಬಲ್ಬು 5ರಿಂದ 9 ವ್ಯಾಟಿನ ಎಲ್‌ಇಡಿ ಸಾಕು. ಹಳೆಯ 60 ವ್ಯಾಟಿನ ಬುರುಡೆ ಬಲ್ಬು ಹಾಕಿದರೆ ಕಾಗದ ಕಮರುತ್ತದೆ, ಬೆಂಕಿಯ ಅಪಾಯ ಬೇರೆ. ನೆತ್ತಿಯ ಕಾಗದದಲ್ಲಿ ಆರು ಸೆಂ.ಮೀ. ತೂತು ತೆಗೆದು ವೈರು ಇಳಿಸಿ. ಆದರೆ ದೀಪದ ಭಾರ ವೈರಿನ ಮೇಲೆ ಬೀಳಬಾರದು: ನೆತ್ತಿಯ ನಾಲ್ಕು ಮೂಲೆಯಿಂದ ಬಂದ ದಾರಗಳನ್ನು ಒಂದು ಉಂಗುರಕ್ಕೆ ಕಟ್ಟಿ, ಉಂಗುರವನ್ನು ಕೊಕ್ಕೆಗೆ ಸಿಕ್ಕಿಸಿ. ಕರಾವಳಿಯಲ್ಲಿ ದೀಪಾವಳಿಗೂ ಒಂದೊಂದು ಮಳೆ ಇದ್ದೇ ಇರುತ್ತದೆ, ಸೂರಿನ ಒಳಗೇ ತೂಗಲಿ.

ವಯಸ್ಸು ‘5+’ ಎಂದು ಪೆಟ್ಟಿಗೆಯ ಮೇಲಿದೆ. ಐದರ ಮಗು ಬಾಲ ಕತ್ತರಿಸೀತು, ಅಷ್ಟೇ. ಗಂಟಿನ ಕೆಲಸ ಹತ್ತು ದಾಟಿದವರಿಗೆ. ಇಬ್ಬರು ದೊಡ್ಡವರು ಕೂತರೆ ಕಟ್ಟಲು ಮೂರು ಗಂಟೆ, ಅಂಟಿಸಲು ಎರಡು, ನಡುವೆ ಒಣಗಲು ಒಂದು ರಾತ್ರಿ. ಹಬ್ಬದ ಹಿಂದಿನ ಸಂಜೆ ಪೆಟ್ಟಿಗೆ ಬಿಚ್ಚಬೇಡಿ.

ಐದಕ್ಕೆ ಮೂರು ಅಂಕ. ಮೇದಾರರ ಬಳಿ ಬಿದಿರು ಸೀಳಿಸಿಕೊಳ್ಳಬಲ್ಲ ಊರಿನಲ್ಲಿದ್ದರೆ ಈ ದುಡ್ಡು ದಂಡ. ಅಪಾರ್ಟ್‌ಮೆಂಟಿನಲ್ಲೋ ಪರದೇಶದಲ್ಲೋ ಇದ್ದು ಕಡ್ಡಿ ಸಿಗುವುದೇ ಕಷ್ಟವೆಂದರೆ ಕೊಳ್ಳಬಹುದು. ನೈಲಾನ್ ದಾರವನ್ನು ಬಟ್ಟೆ ಒಣಹಾಕಲು ಇಟ್ಟುಕೊಳ್ಳಿ.