ಕಾನಿನ ಮಬ್ಬು ಬೆಳಕಿನಲ್ಲಿ ನಿಕಾನ್ 500 ಎಂಎಂ ಪಿಎಫ್ ಲೆನ್ಸ್

ದೂರದ ಹಕ್ಕಿಯನ್ನು ಹತ್ತಿರ ತರುವ ನಿಕಾನ್ 500 ಎಂಎಂ ಎಫ್ 5.6 ಪಿಎಫ್ ಲೆನ್ಸ್ ಪ್ರಕಟವಾದದ್ದು 2018ರಲ್ಲಿ. ಇದನ್ನು ಅದೇ ಕಂಪನಿಯ ಡಿ500 ಕ್ಯಾಮೆರಾಕ್ಕೆ ಜೋಡಿಸಿಕೊಂಡು ಉತ್ತರ ಕನ್ನಡದ ಶಿರಸಿ, ಸಿದ್ದಾಪುರದ ಕಾನು ಎನ್ನುವ ದಟ್ಟ ಕಾಡುಗಳಲ್ಲಿ, ದೇವಿಮನೆ ಘಟ್ಟದ ಇಳಿಜಾರಿನಲ್ಲಿ ಮತ್ತು ಕಾರವಾರದ ಕಡಲಂಚಿನಲ್ಲಿ ಬೇಟೆಹಕ್ಕಿಗಳ ಚಿತ್ರಗಳಿಗೆಂದೇ ಬಳಸುತ್ತ ಬಂದಿದ್ದೇನೆ. ಎಫ್ ಸಂಖ್ಯೆ ಹೆಚ್ಚಿದಷ್ಟೂ ಲೆನ್ಸಿನ ಬಾಯಿ ಚಿಕ್ಕದು, ಒಳಬರುವ ಬೆಳಕು ಕಡಿಮೆ; ಹಾಗಾಗಿ ಎಫ್ 5.6 ಎಂದೊಡನೆ ಅದು ಬಿಸಿಲಿನ ಲೆನ್ಸ್, ಕಾಡಿಗೆ ಆಗಿಬರುವುದಿಲ್ಲ ಎನ್ನುವವರು ಬಹಳ ಮಂದಿ ಇದ್ದಾರೆ. ಕೂತ ಹಕ್ಕಿಯ ಮಟ್ಟಿಗೆ ಆ ಮಾತನ್ನು ನಾನು ಒಪ್ಪುವುದಿಲ್ಲ. ಕಾಡಿನೊಳಗೆ ಹಾರುವ ಹಕ್ಕಿಯ ಮಟ್ಟಿಗೆ ಪೂರ್ತಿ ಒಪ್ಪುತ್ತೇನೆ. ಹಾಗೇಕೆ ಎಂಬುದನ್ನು ಲೆಕ್ಕಸಹಿತ ಹೇಳುವುದು ಇಲ್ಲಿ ನನ್ನ ಉದ್ದೇಶ.

ಮೊದಲು ನಮ್ಮ ಬೆಳಕಿನ ವಿಷಯ. ಘಟ್ಟದ ಪಶ್ಚಿಮದ ಇಳಿಜಾರಿನಲ್ಲಿ ಪೂರ್ವಕ್ಕೆ ಗುಡ್ಡವೇ ಅಡ್ಡ ನಿಂತಿರುವುದರಿಂದ ಅಘನಾಶಿನಿಯಂಥ ಕಣಿವೆಗಳಿಗೆ ಬಿಸಿಲು ತಡವಾಗಿ ಇಳಿಯುತ್ತದೆ, ಇಳಿದ ಮೇಲೂ ನಿತ್ಯಹರಿದ್ವರ್ಣ ಮರಗಳ ಚಪ್ಪರದ ಕೆಳಗೆ ಚೂರುಚೂರಾಗಿ ಮಾತ್ರ ಬೀಳುತ್ತದೆ. ಹಕ್ಕಿಗಳ ದಿನಚರಿಯೂ ಛಾಯಾಗ್ರಾಹಕನಿಗೆ ಅನುಕೂಲವಾಗಿಲ್ಲ. ಪನ್ನಗಾರಿ, ಜುಟ್ಟು ಗಿಡುಗ ಮುಂತಾದ ಬೇಟೆಹಕ್ಕಿಗಳು ಲೆನ್ಸಿಗೆ ಎಟಕುವಷ್ಟು ಎತ್ತರದ ಕೊಂಬೆಯಲ್ಲಿ ನೆಮ್ಮದಿಯಾಗಿ ಕೂತಿರುವುದು ಬೆಳಗಿನ ಮೊದಲ ಜಾವದಲ್ಲಿ. ಬಿಸಿಲು ಕಾದು ಗಾಳಿ ಮೇಲೇಳತೊಡಗಿದರೆ ಅವೂ ಅದರೊಂದಿಗೆ ಮೇಲೇರಿ ಆಕಾಶದ ಚುಕ್ಕಿಗಳಾಗುತ್ತವೆ. ಮೀನುಗೂಬೆ ಹಳ್ಳದ ಕಲ್ಲಿಗೆ ಬರುವುದು ಸಂಜೆ ಮಬ್ಬಾದ ಮೇಲೆಯೇ. ಹೀಗಾಗಿ ಬೆಳಕು ಚೆನ್ನಾಗಿದ್ದಾಗ ಹಕ್ಕಿ ಸಿಗುವುದಿಲ್ಲ, ಹಕ್ಕಿ ಸಿಕ್ಕಾಗ ಬೆಳಕು ಸಾಲುವುದಿಲ್ಲ.

ಇಂಥ ಕಡೆ ದೊಡ್ಡ ಬಾಯಿಯ ಲೆನ್ಸ್ ಬೇಕೆಂಬ ವಾದ ಸಹಜವೇ. ನಿಕಾನ್‌ನದೇ 500 ಎಂಎಂ ಎಫ್ 4 ಲೆನ್ಸ್ ಒಂದು ಸ್ಟಾಪ್, ಅಂದರೆ ಎರಡು ಪಟ್ಟು ಹೆಚ್ಚು ಬೆಳಕು ಕೊಡುತ್ತದೆ. ಆದರೆ ಅದರ ಹೊಸ ಮಾದರಿಯೂ 3,090 ಗ್ರಾಂ ತೂಗುತ್ತದೆ. ಡಿ500ಕ್ಕೆ ಹೊಂದುವ 400 ಎಂಎಂ ಎಫ್ 2.8 ಲೆನ್ಸಿನ ಹೊಸ ಮಾದರಿಯ ತೂಕ 3,800 ಗ್ರಾಂ. ನಾನು ವಿಮರ್ಶಿಸುತ್ತಿರುವ ಲೆನ್ಸು 1,460 ಗ್ರಾಂ, ಉದ್ದ ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು. ಒಳಗಿರುವ ಫೇಸ್ ಫ್ರೆನೆಲ್ (ಪಿಎಫ್) ಗಾಜು ಬೆಳಕನ್ನು ಸೂಕ್ಷ್ಮ ವರ್ತುಲಾಕಾರದ ಮೆಟ್ಟಿಲುಗಳ ಮೂಲಕ ಬಾಗಿಸಿ ಬಣ್ಣದಂಚನ್ನು ಸರಿಪಡಿಸುವುದರಿಂದ ದಪ್ಪ ಗಾಜುಗಳ ಸಂಖ್ಯೆಯನ್ನೂ ಕೊಳವೆಯ ಉದ್ದವನ್ನೂ ಕಡಿಮೆ ಮಾಡಲು ಸಾಧ್ಯವಾಗಿದೆ. ಕಾಗದದ ಮೇಲೆ ಇದು ಬರಿಯ ತೂಕದ ವ್ಯತ್ಯಾಸ. ಉಂಬಳಗಳ ಕಾಟವಿರುವ ಕಾಲುದಾರಿಯಲ್ಲಿ, ಟ್ರೈಪಾಡ್ ಊರಲು ಸಮತಟ್ಟು ಜಾಗವೇ ಇಲ್ಲದ ಧರೆಯ ಅಂಚಿನಲ್ಲಿ, ಹಕ್ಕಿ ತಲೆ ತಿರುಗಿಸಲೆಂದು ಕ್ಯಾಮೆರಾವನ್ನು ಕಣ್ಣಿಗೆ ಹಿಡಿದೇ ಕಾಯಬೇಕಾದಾಗ ಮಾತ್ರ ಇದರ ನಿಜವಾದ ಬೆಲೆ ತಿಳಿಯುತ್ತದೆ. ಮೂರು ಕಿಲೋ ಮೀರಿದ ಲೆನ್ಸ್ ಹಿಡಿದ ಕೈ ಕೆಲವೇ ನಿಮಿಷಗಳಲ್ಲಿ ನಡುಗತೊಡಗುತ್ತದೆ. ಆ ನಡುಕವು ಅದು ಕೊಟ್ಟ ಒಂದು ಸ್ಟಾಪ್ ಬೆಳಕನ್ನು ನುಂಗಿಹಾಕುತ್ತದೆ.

ಲೆಕ್ಕಕ್ಕೆ ಒಂದು ಉದಾಹರಣೆ ತೆಗೆದುಕೊಳ್ಳೋಣ. ಅಡಿಕೆ ತೋಟದ ತಲೆಗೆ, ಸೊಪ್ಪಿನ ಬೆಟ್ಟ ಶುರುವಾಗುವಲ್ಲಿ ಒಂದು ಮತ್ತಿ ಮರ, ಅದರ ಒಣಗಿದ ಅಡ್ಡಕೊಂಬೆಯಲ್ಲಿ ಪನ್ನಗಾರಿ, ಬಿಸಿಲು ಇನ್ನೂ ಕಣಿವೆಗೆ ಇಳಿದಿಲ್ಲ. ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಸ್ಪಂದಿಸುವ ಸೂಕ್ಷ್ಮತೆ; ಹೆಚ್ಚಿದಷ್ಟೂ ಚಿತ್ರ ಒರಟಾಗುತ್ತದೆ) 3,200 ಇಟ್ಟು ಎಫ್ 5.6ರಲ್ಲಿ ಅಳೆದರೆ ಶಟರ್ ವೇಗ ಸೆಕೆಂಡಿನ 60ನೇ ಒಂದು ಭಾಗದ ಆಸುಪಾಸು ಬರುತ್ತದೆ. ಡಿ500ರ ಸೆನ್ಸರ್ ಚಿಕ್ಕದಾದ್ದರಿಂದ 500 ಎಂಎಂ ಲೆನ್ಸ್ ಇಲ್ಲಿ 750 ಎಂಎಂನಷ್ಟು ನೋಟ ಕೊಡುತ್ತದೆ. ಎಷ್ಟು ಎಂಎಂ ನೋಟವೋ ಸೆಕೆಂಡಿನ ಅಷ್ಟನೇ ಒಂದು ಭಾಗ ಎಂಬ ಹಳೆಯ ನಿಯಮದಂತೆ ಕೈಯಲ್ಲಿ ಹಿಡಿದು ತೆಗೆಯಲು 750ನೇ ಒಂದು ಭಾಗದ ವೇಗ ಬೇಕು. ಲೆನ್ಸಿನೊಳಗಿನ ಕಂಪನ ನಿಯಂತ್ರಣಕ್ಕೆ ಕಂಪನಿ ಹೇಳುವ ಸಾಮರ್ಥ್ಯ ನಾಲ್ಕು ಸ್ಟಾಪ್. 750ನ್ನು ನಾಲ್ಕು ಸಲ ಅರ್ಧ ಮಾಡಿದರೆ 50ರ ಹತ್ತಿರ ಬರುತ್ತದೆ. ಅಂದರೆ ಮೇಲಿನ ಬೆಳಕು ಈ ಲೆನ್ಸಿನ ಮಿತಿಯೊಳಗೇ ಇದೆ. ಮೊಣಕೈಯನ್ನು ಪಕ್ಕೆಗೆ ಒತ್ತಿ, ಮರಕ್ಕೆ ಹೆಗಲು ಕೊಟ್ಟು, ಒಂದೊಂದು ಸಲಕ್ಕೆ ಐದಾರು ಚಿತ್ರಗಳ ಸರಣಿ ತೆಗೆದರೆ ಅವುಗಳಲ್ಲಿ ಒಂದೆರಡಾದರೂ ಚೊಕ್ಕವಾಗಿ ಬರುತ್ತವೆ. ಅಂಥ ಒಂದು ಚಿತ್ರವನ್ನು ದೊಡ್ಡದು ಮಾಡಿ ನೋಡಿದರೆ ಕೊಕ್ಕಿನ ಬುಡದಿಂದ ಕಣ್ಣಿನವರೆಗೆ ಹರಡಿದ ಹಳದಿ ಚರ್ಮದ ಸಣ್ಣ ಸುಕ್ಕುಗಳು, ಎದೆಯ ಕಂದು ಗರಿಗಳ ಮೇಲಿನ ಬಿಳಿಚುಕ್ಕೆಗಳ ಅಂಚು, ಇಬ್ಬನಿಗೆ ಅಂಟಿಕೊಂಡ ಜುಟ್ಟಿನ ಎಳೆಗಳು ಬೇರೆಬೇರೆಯಾಗಿ ಕಾಣುತ್ತವೆ. ಪೂರ್ಣ ತೆರೆದ ಎಫ್ 5.6ರಲ್ಲಿಯೇ ಈ ಸ್ಫುಟತೆ ಸಿಗುವುದು ಈ ಲೆನ್ಸಿನ ಬಹುದೊಡ್ಡ ಗುಣ; ಇನ್ನೂ ಚೊಕ್ಕವಾಗಲೆಂದು ಎಫ್ 8ಕ್ಕೆ ಇಳಿಸಿ ಬೆಳಕು ಕಳೆದುಕೊಳ್ಳುವ ಅಗತ್ಯವಿಲ್ಲ. ಹದಿನೈದು ಮೀಟರ್ ದೂರದಲ್ಲಿ ಫೋಕಸಿನ ಆಳ, ಅಂದರೆ ಸ್ಫುಟವಾಗಿ ಕಾಣುವ ವಲಯ, ಸುಮಾರು 20 ಸೆಂಟಿಮೀಟರ್ ಇರುವುದರಿಂದ ಕಣ್ಣಿಗೆ ಫೋಕಸ್ ಮಾಡಿದರೆ ಎದೆಯೂ ರೆಕ್ಕೆಯ ಮಡಿಕೆಯೂ ಕೈಬಿಡುವುದಿಲ್ಲ.

ಕಂಪನ ನಿಯಂತ್ರಣವು ತಡೆಯುವುದು ನಮ್ಮ ಕೈಯ ಅಲುಗಾಟವನ್ನು ಮಾತ್ರ, ಹಕ್ಕಿಯದನ್ನಲ್ಲ. ಬೇಟೆಹಕ್ಕಿ ಕತ್ತು ತಿರುಗಿಸಿ ಒಂದು ಕ್ಷಣ ತಟಸ್ಥವಾಗುತ್ತದೆ, ಮತ್ತೆ ತಿರುಗಿಸುತ್ತದೆ. ಆ ನಿಲುಗಡೆಯ ಲಯ ಕಣ್ಣಿಗೆ ಅಭ್ಯಾಸವಾಗಬೇಕು. ಅದೇ ಹಕ್ಕಿ ಅದೇ ಬೆಳಕಿನಲ್ಲಿ ಕೊಂಬೆ ಬಿಟ್ಟು ಹಾರಿತೆಂದುಕೊಳ್ಳಿ. ರೆಕ್ಕೆಯನ್ನು ನಿಲ್ಲಿಸಲು 1,600ನೇ ಒಂದು ಭಾಗದ ವೇಗವಾದರೂ ಬೇಕು. ಅದಕ್ಕೆ ಐಎಸ್‌ಒ 85,000 ಸಮೀಪಿಸುತ್ತದೆ, ಡಿ500ರ ಸಾಮಾನ್ಯ ಮಿತಿಯೇ 51,200. ಎಫ್ 2.8 ಲೆನ್ಸ್ ಹಾಕಿದರೂ ಐಎಸ್‌ಒ 21,000ಕ್ಕಿಂತ ಕೆಳಗಿಳಿಯುವುದಿಲ್ಲ. ಮಬ್ಬುಗತ್ತಲಿನ ಕಾಡಿನೊಳಗಿನ ಹಾರಾಟವನ್ನು ದುಬಾರಿ ಲೆನ್ಸೂ ಉಳಿಸಿಕೊಡದು ಎಂಬುದು ಈ ಅಂಕಿಗಳಿಂದಲೇ ಸ್ಪಷ್ಟ. ಹಾಗಾಗಿ ಕಾನಿನಲ್ಲಿ ನಾನು ಕೂತ ಹಕ್ಕಿಗೆ ಮಾತ್ರ ಕ್ಯಾಮೆರಾ ಎತ್ತುತ್ತೇನೆ, ಹಾರಿದ್ದನ್ನು ಕಣ್ಣಿನಿಂದ ನೋಡುತ್ತೇನೆ.

ಕಡಿಮೆ ಬೆಳಕಿನಲ್ಲಿ ಫೋಕಸ್ ಹುಡುಕಾಡುವುದು ಎಲ್ಲ ಟೆಲಿ ಲೆನ್ಸುಗಳ ಸ್ವಭಾವ. ಇಲ್ಲಿ ಎರಡು ಸೌಲಭ್ಯಗಳು ನೆರವಿಗೆ ಬರುತ್ತವೆ. ಲೆನ್ಸಿನ ಬದಿಯ ಸ್ವಿಚ್ಚನ್ನು ಎಂಟು ಮೀಟರಿನಿಂದ ಅನಂತದವರೆಗೆ ಎಂಬಲ್ಲಿಗೆ ಸರಿಸಿದರೆ ಎದುರಿನ ಬಳ್ಳಿ, ಎಲೆಗಳತ್ತ ಫೋಕಸ್ ಓಡುವುದು ತಪ್ಪುತ್ತದೆ. ಡಿ500ರ ನಟ್ಟನಡುವಿನ ಫೋಕಸ್ ಬಿಂದು ಉಳಿದವುಗಳಿಗಿಂತ ಒಂದು ಹೆಜ್ಜೆ ಹೆಚ್ಚಿನ ಕತ್ತಲೆಯನ್ನು ತಾಳಿಕೊಳ್ಳುವುದರಿಂದ ಸಂಜೆಯ ಹೊತ್ತಿಗೆ ಅದೊಂದನ್ನೇ ನಂಬಬೇಕು. ಬಿಂದುವನ್ನು ಎದೆಯ ಸಪಾಟು ಗರಿಗಳ ಮೇಲೆ ಇಡುವ ಬದಲು ಹಳದಿ ಚರ್ಮವೂ ಕಪ್ಪು ಜುಟ್ಟೂ ಸೇರುವ ಅಂಚಿನಲ್ಲಿ ಇಟ್ಟರೆ ಕ್ಯಾಮೆರಾಕ್ಕೆ ಹಿಡಿಯಲು ಒಂದು ಗೆರೆ ಸಿಗುತ್ತದೆ. ಕಪ್ಪು ಹಿನ್ನೆಲೆಯನ್ನು ಕಂಡ, ಬೆಳಕು ಅಳೆಯುವ ಮೀಟರು ಚಿತ್ರವನ್ನು ಅನಗತ್ಯವಾಗಿ ಬೆಳಗಿಸಲು ಹೋಗುತ್ತದೆ. ಎಕ್ಸ್‌ಪೋಶರನ್ನು ಒಂದು ಸ್ಟಾಪಿನ ಮೂರರಲ್ಲಿ ಎರಡು ಭಾಗ ಇಳಿಸಿದರೆ ಕಾಡು ಕಾಡಿನಂತೆಯೇ ಕಾಣುತ್ತದೆ, ಉಳಿದ ಬೆಳಕು ಶಟರ್ ವೇಗಕ್ಕೆ ಸಲ್ಲುತ್ತದೆ.

ಮೀನುಗೂಬೆಯ ವಿಷಯದಲ್ಲಿ ಈ ಲೆನ್ಸಿನ ಮಿತಿ ಬೇಗ ಮುಟ್ಟುತ್ತದೆ. ಹಳ್ಳದ ಮೇಲಿನ ಆಕಾಶದಲ್ಲಿ ಬೆಳಕು ಉಳಿದಿರುವ ಸ್ವಲ್ಪ ಹೊತ್ತು 30ನೇ ಒಂದು ಭಾಗದ ವೇಗದಲ್ಲಿ, ಟ್ರೈಪಾಡಿನ ಮೇಲಿಟ್ಟು ತೆಗೆಯಬಹುದು. ಆಮೇಲೆ ಕ್ಯಾಮೆರಾ ಕೆಳಗಿಡುವುದೇ ಸರಿ. ಕತ್ತಲಿಗೆ ಹಿಗ್ಗಿದ ಕಣ್ಣಿಗೆ ಫ್ಲ್ಯಾಶ್ ಹಾಯಿಸುವುದನ್ನೂ ಮೊಬೈಲಿನಲ್ಲಿ ಕೂಗು ನುಡಿಸಿ ಹಕ್ಕಿಯನ್ನು ಹತ್ತಿರಕ್ಕೆ ಕರೆಯುವುದನ್ನೂ ನಾನು ಯಾವ ಕಾರಣಕ್ಕೂ ಒಪ್ಪಲಾರೆ. ಬೇಟೆಗೆ ಕೂತ ಹಕ್ಕಿಗೆ ಆ ಸಂಜೆಯ ಊಟ ತಪ್ಪುತ್ತದೆ.

ಕರಾವಳಿಗೆ ಇಳಿದರೆ ಚಿತ್ರವೇ ಬೇರೆ. ಕಾಳಿ ನದಿಯ ಅಳಿವೆ, ದೇವಬಾಗ, ಕೂರ್ಮಗಡದ ಸುತ್ತ ಬಿಳಿಹೊಟ್ಟೆಯ ಕಡಲ ಹದ್ದು, ಗರುಡ ಮತ್ತು ಚಳಿಗಾಲದಲ್ಲಿ ಬರುವ ಮೀನುಡೇಗೆ ಬಯಲಿನಲ್ಲೇ ಹಾರುತ್ತವೆ. ಬಿಸಿಲು ಏರಿದ ಮೇಲೆ ಹಾರಾಟಕ್ಕೆ ಬೇಕಾದ ವೇಗವು ಸಾವಿರದೊಳಗಿನ ಐಎಸ್‌ಒದಲ್ಲೇ ಸಿಗುತ್ತದೆ, ಹಗುರವಾದ ಲೆನ್ಸ್ ಹಕ್ಕಿಯ ಬೆನ್ನು ಹತ್ತಲು ಕೈಗೆ ಬಹಳ ಅನುಕೂಲ. ಕಂಪನ ನಿಯಂತ್ರಣದಲ್ಲಿ ಚಲಿಸುವ ವಸ್ತುಗಳಿಗೆಂದೇ ಇರುವ ಸ್ಪೋರ್ಟ್ ಸ್ಥಾನ ಇಲ್ಲಿಗೆ ಹೊಂದುತ್ತದೆ. ಆದರೆ ಫ್ರೆನೆಲ್ ಗಾಜಿಗೆ ಒಂದು ಕೊರತೆಯುಂಟು: ಚೌಕಟ್ಟಿನೊಳಗೆ ಅಥವಾ ಅದರ ಅಂಚಿನಲ್ಲಿ ಪ್ರಖರ ಬೆಳಕಿನ ಬಿಂದುವಿದ್ದರೆ ಅದರ ಸುತ್ತ ಬಣ್ಣದ ಉಂಗುರ ಮೂಡಬಹುದು. ಕಾರವಾರದಲ್ಲಿ ಸೂರ್ಯ ಕಡಲಿಗೇ ಇಳಿಯುವುದರಿಂದ ಸಂಜೆ ದಡದಲ್ಲಿ ನಿಂತವನಿಗೆ ಎದುರು ಬಿಸಿಲೂ ನೀರಿನ ಮಿನುಗೂ ಒಟ್ಟಿಗೆ ಎದುರಾಗುತ್ತವೆ. ಬೆಳಿಗ್ಗೆ ಬೆನ್ನ ಹಿಂದೆ ಬಿಸಿಲಿರುವಾಗ ಹೋದರೆ ಈ ತೊಂದರೆಯೂ ಇಲ್ಲ, ಹದ್ದಿನ ಬಿಳಿ ಹೊಟ್ಟೆಯ ಗರಿಗಳೂ ಕಪ್ಪಾಗುವುದಿಲ್ಲ.

ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ ನೋಟವನ್ನು ದೊಡ್ಡದಾಗಿಸುವ 1.4 ಪಟ್ಟಿನ ಟೆಲಿಕನ್ವರ್ಟರ್ ಹಾಕಿದರೆ ಲೆನ್ಸ್ 700 ಎಂಎಂ ಎಫ್ 8 ಆಗುತ್ತದೆ. ಅಳಿವೆಯ ನಡುವಿನ ದಿಣ್ಣೆಯಲ್ಲಿ ಕೂತ ಹದ್ದಿಗೆ ಅದು ಸರಿ, ಕಾನಿಗೆ ಖಂಡಿತ ಬೇಡ. ಟ್ರೈಪಾಡಿಗೆ ಕೂರುವ ಕಾಲಿಗೆ ಬೇರೆ ಪ್ಲೇಟ್ ಕೊಳ್ಳಬೇಕಾಗುತ್ತದೆ.

ಕನ್ನಡಿರಹಿತ ಕ್ಯಾಮೆರಾಗಳಿಗೆಂದು ನಿಕಾನ್ 2023ರಲ್ಲಿ 600 ಎಂಎಂ ಎಫ್ 6.3 ಪಿಎಫ್ ಲೆನ್ಸನ್ನು ತಂದ ಮೇಲೆ 500 ಪಿಎಫ್ ಅನ್ನು ಮಾರುವವರು ಹೆಚ್ಚಿದ್ದಾರೆ. ಬಳಸಿದ್ದನ್ನು ಕೊಳ್ಳುವುದಾದರೆ ನಮ್ಮ ಜಿಲ್ಲೆಯವರು ಮೊದಲು ನೋಡಬೇಕಾದದ್ದು ಬೂಷ್ಟು. ಮಳೆಗಾಲದ ತೇವದಲ್ಲಿ ಚೀಲದೊಳಗೇ ಬಿಟ್ಟ ಲೆನ್ಸಿನ ಗಾಜಿಗೆ ಅದು ಹಬ್ಬದೆ ಇರುವುದಿಲ್ಲ. ಕತ್ತಲೆ ಕೋಣೆಯಲ್ಲಿ ಹಿಂಬದಿಯಿಂದ ಟಾರ್ಚ್ ಬಿಟ್ಟು ಮುಂದಿನಿಂದ ಓರೆಯಾಗಿ ನೋಡಿದರೆ ಜೇಡರ ಬಲೆಯಂಥ ಎಳೆಗಳು ಕಾಣುತ್ತವೆ. ಒಂದೇ ಒಂದು ಎಳೆ ಕಂಡರೂ ಬೆಲೆ ಎಷ್ಟೇ ಕಡಿಮೆಯಿರಲಿ ಬಿಟ್ಟುಬಿಡಿ. ಮನೆಗೆ ತಂದ ಮೇಲೆ ತೇವಾಂಶವನ್ನು ಶೇಕಡಾ 45ರಿಂದ 50ರಲ್ಲಿ ಇಡುವ ಡ್ರೈ ಕ್ಯಾಬಿನೆಟ್ ಉತ್ತಮ. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಹೋಗುವ ಊರುಗಳಲ್ಲಿ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಸಿಲಿಕಾ ಜೆಲ್ ಪೊಟ್ಟಣ ಮತ್ತು ಒಂದು ಸಣ್ಣ ತೇವಾಂಶ ಮಾಪಕ ಇದ್ದರೂ ನಡೆಯುತ್ತದೆ. ಜೆಲ್ ಬಣ್ಣ ಬದಲಿಸಿದೊಡನೆ ಬಾಣಲೆಯಲ್ಲಿ ಹದವಾಗಿ ಬಿಸಿ ಮಾಡಿ, ಪೂರ್ತಿ ಆರಿದ ಮೇಲೆ ಮತ್ತೆ ಡಬ್ಬಿಗೆ ಹಾಕಬೇಕು.