ಎತ್ತರ ಎಫ್‌ಡಿ ಇದ್ದ ಹಾಗೆ, ವೇಗ ಕೈಯಲ್ಲಿರೋ ಕಾಸು

ಟೆಕ್ಸಾಸ್‌ನಲ್ಲಿ ವಾರಾಂತ್ಯಕ್ಕೆ ಸೆಸ್ನಾ 172 ಅನ್ನೋ ಸಣ್ಣ ವಿಮಾನ ಬಾಡಿಗೆಗೆ ತಗೊಂಡು ಹಾರಿಸ್ತೀನಿ. ಹೋದ ತಿಂಗಳು ನಮ್ಮ ಫ್ಲೈಯಿಂಗ್ ಸ್ಕೂಲಿನ 'ಎನರ್ಜಿ ಮ್ಯಾನೇಜ್‌ಮೆಂಟ್' ಪಾಠಕ್ಕೆ ಹೋಗಿದ್ದೆ. ಅರ್ಧ ದಿನದ್ದು. ಸುಮ್ನೆ ಫಿಸಿಕ್ಸ್ ಹೇಳಿ ದುಡ್ಡು ಕೀಳ್ತಾರೆ ಅಂದುಕೊಂಡಿದ್ದೆ.

ಬೋರ್ಡಿನ ಮುಂದೆ ಒಂದೂವರೆ ಗಂಟೆ ಜಾಸ್ತಿಯೇ ಆಯಿತು. ನನಗೆ ಅರ್ಥವಾಗಿದ್ದು ಹೀಗೆ: ಥ್ರಾಟಲ್ (ಎಂಜಿನ್ ಶಕ್ತಿಯ ಹಿಡಿಕೆ) ಸಂಬಳ, ಗಾಳಿಯ ಎಳೆತ ಮನೆ ಬಾಡಿಗೆ, ಎತ್ತರ ಎಫ್‌ಡಿ, ವೇಗ ಕೈಯಲ್ಲಿರುವ ಕಾಸು. ಯೋಕ್ (ವಿಮಾನದ ಮೂಗು ಎತ್ತಿ ಇಳಿಸುವ ಹಿಡಿಕೆ) ಎಳೆದರೆ ಹೊಸ ದುಡ್ಡೇನೂ ಬರಲ್ಲ, ಕಾಸು ತೆಗೆದು ಎಫ್‌ಡಿಗೆ ಹಾಕಿದ ಹಾಗೆ ಅಷ್ಟೇ. ವೇಗ 75 ನಾಟ್‌ನಿಂದ 65ಕ್ಕೆ ಇಳಿಸಿದರೆ ಸಿಗುವ ಎತ್ತರ ಹೆಚ್ಚೆಂದರೆ 60 ಅಡಿ ಚಿಲ್ಲರೆ. ರನ್‌ವೇ ಮುಟ್ಟಲ್ಲ ಅನ್ನಿಸಿದಾಗ ನಾವೆಲ್ಲ ಮೂಗೆತ್ತೋದು ಇಷ್ಟಕ್ಕಾ?

ಅಸಲಿ ಪಾಠ ಇದ್ದಿದ್ದು ಮೇಲೆ, ಆಕಾಶದಲ್ಲಿ. 3000 ಅಡಿಯಲ್ಲೇ ರನ್‌ವೇ ಇದೆ ಅಂತ ಅಂದುಕೊಂಡು, ಬೇಸ್‌ನಲ್ಲಿ (ರನ್‌ವೇಗೆ ಅಡ್ಡಲಾಗಿ ಹಾರುವ ಹಂತ) ಹಿಂದಿನಿಂದ ಗಾಳಿ ತಳ್ಳುತ್ತಿರುವಾಗ ಫೈನಲ್‌ಗೆ (ರನ್‌ವೇಗೆ ನೇರವಾಗಿ ಇಳಿಯುವ ಹಂತ) ತಿರುಗಬೇಕು. ರನ್‌ವೇ ಲೈನ್ ದಾಟಿಬಿಟ್ಟೆ. ಅವಸರಕ್ಕೆ 45 ಡಿಗ್ರಿ ವಾಲಿಸಿ ಯೋಕ್ ಎಳೆದೆ, ಎಡ ರೆಕ್ಕೆಯ ಸ್ಟಾಲ್ ಹಾರ್ನ್ (ರೆಕ್ಕೆ ಎತ್ತುವ ಬಲ ಕಳೆದುಕೊಳ್ಳೋ ಮೊದಲು, ಅಂದರೆ ಸ್ಟಾಲ್ ಆಗೋ ಮೊದಲು ಕೂಗುವ ಎಚ್ಚರಿಕೆ) ಕುಂಯ್ ಅಂತು. ಅಷ್ಟು ವಾಲಿಸಿ ಎತ್ತರ ಬಿಡದೆ ತಿರುಗಿದರೆ ಸ್ಟಾಲ್ ವೇಗ ಸುಮಾರು 19% ಏರುತ್ತದೆ, ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ, ಕೈಗೆ ಮಾತ್ರ ಗೊತ್ತಿರಲಿಲ್ಲ. ಇನ್‌ಸ್ಟ್ರಕ್ಟರ್ ಬೈಯಲಿಲ್ಲ. ಸ್ಕ್ರೀನಿನಲ್ಲಿ ವೇಗದ ಪಕ್ಕದ ಸಣ್ಣ ಗುಲಾಬಿ ಗೆರೆಗೆ ಬೆರಳಿಟ್ಟರು. ಇನ್ನು 6 ಸೆಕೆಂಡಿಗೆ ವೇಗ ಎಲ್ಲಿರುತ್ತದೆ ಅಂತ ಅದು ಹೇಳುತ್ತದೆ. ನನ್ನದು ಕೆಳಗೆ ಜೋತುಬಿದ್ದಿತ್ತು! ಎರಡು ವರ್ಷದಿಂದ ಕಣ್ಣೆದುರೇ ಇದ್ದದ್ದು, ಅಲ್ವಾ.

ಆಮೇಲೆ ಪ್ರತಿ ತಿರುವಿಗೂ ಬಾಯಿಬಿಟ್ಟು ಹೇಳಿಸಿದರು. ಎತ್ತರ ಇದೆ, ವೇಗ ಇಲ್ಲ: ಮೂಗು ತಗ್ಗಿಸು. ಎರಡೂ ಇಲ್ಲ: ಥ್ರಾಟಲ್ ತಳ್ಳು, ವಾಪಸ್ ಮೇಲೇರು. ಐದನೇ ಸಲಕ್ಕೆ ಹಾರ್ನ್ ಸುಮ್ಮನಾಯಿತು.

ಬೇಜಾರಾಗಿದ್ದು ಒಂದಕ್ಕೆ. ಈ ವಿಮಾನದಲ್ಲಿ ಆಂಗಲ್ ಆಫ್ ಅಟ್ಯಾಕ್ (ರೆಕ್ಕೆಗೂ ಎದುರು ಗಾಳಿಗೂ ನಡುವಿನ ಕೋನ, ಮಿತಿ ದಾಟಿದರೆ ಸ್ಟಾಲ್) ತೋರಿಸುವ ಲೈಟ್ ಇದೆ. ಸಣ್ಣ ವಿಮಾನಗಳಿಗೆ ಇದನ್ನು ಹಾಕಿಸಿಕೊಳ್ಳೋದು ಸುಲಭವಾಗಲಿ ಅಂತ ಅಮೆರಿಕದ ವಿಮಾನಯಾನ ನಿಯಂತ್ರಕ ಎಫ್‌ಎಎ 2014ರಲ್ಲೇ ನಿಯಮ ಸಡಿಲಿಸಿದೆ. ಇಲ್ಲಿ ನೋಡಿದರೆ ಕ್ಯಾಲಿಬ್ರೇಟ್ ಮಾಡಿಲ್ಲ ಅಂತ ಮೇಲೆ ಟೇಪ್ ಅಂಟಿಸಿದ್ದಾರೆ. ಇಂಥ ಪಾಠಕ್ಕೆ ಇಂಥ ವಿಮಾನ!

ಹೋಗುವವರು ಥಿಯರಿಗೆ ದುಡ್ಡು ಸುರಿಯಬೇಡಿ. ಎಫ್‌ಎಎ ಕೈಪಿಡಿ 'ಏರ್‌ಪ್ಲೇನ್ ಫ್ಲೈಯಿಂಗ್ ಹ್ಯಾಂಡ್‌ಬುಕ್'ನ 2021ರ ಆವೃತ್ತಿಯಲ್ಲಿ ಇದಕ್ಕೇ ಒಂದು ಅಧ್ಯಾಯ ಇದೆ, ಪುಕ್ಕಟೆ. ಓದಿಕೊಂಡು ಹೋಗಿ, ಹಾರಾಟದ ಗಂಟೆ ಮಾತ್ರ ಕೇಳಿ. ನಾನು ಮುಂದಿನ ಶನಿವಾರಕ್ಕೆ ಮತ್ತೆ ಬುಕ್ ಮಾಡಿದ್ದೇನೆ, ಟೇಪ್ ಕಿತ್ತಿದ್ದಾರಾ ಅಂತ ಫೋನ್ ಮಾಡಿ ಕೇಳಬೇಕು.