ಗಾಡಿ ಮಿಸ್ ಹೊಡೆದಾಗ: ಸರ್ವಿಸ್ ಸೆಂಟರ್, ಸ್ಪ್ರೇ ಡಬ್ಬಿ, 900 ರೂಪಾಯಿ ಸ್ಕ್ಯಾನರ್, ಕೊನೆಗೆ ಹೊಗೆ

ಮೊದಲೇ ಹೇಳಿಬಿಡುತ್ತೇನೆ. ನನ್ನ ವೋಟು ಎಂಜಿನ್ನಿನ ದೂರು ಓದುವ 900 ರೂಪಾಯಿಯ ಬ್ಲೂಟೂತ್ ಸ್ಕ್ಯಾನರಿಗೆ, ಅದರ ಬೆನ್ನಿಗೇ ಮೈಸೂರಿನ ಬನ್ನಿಮಂಟಪದ ಕಡೆಯ ಒಂದು ಗ್ಯಾರೇಜಿನಲ್ಲಿ ಹೊಗೆ ತುಂಬಿಸಿ ಲೀಕ್ ಹುಡುಕುವ ಪರೀಕ್ಷೆಗೆ. ಇವೆರಡಕ್ಕೆ ಆದ ಖರ್ಚು, ಅದಕ್ಕೂ ಮುಂಚೆ ನಾನು ಸುಮ್ನೆ ಕಳೆದುಕೊಂಡ ದುಡ್ಡಿನ ಕಾಲು ಭಾಗವೂ ಆಗಲಿಲ್ಲ.

ಗಾಡಿ 2014ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. 82 ಸಾವಿರ ಕಿಲೋಮೀಟರ್ ಓಡಿದೆ. ಬೆಳಗ್ಗೆ ಕುವೆಂಪುನಗರದ ಮನೆಯಿಂದ ಹೊರಟು ಮೊದಲ ಸಿಗ್ನಲ್‌ನಲ್ಲಿ ನಿಂತರೆ ಸಾಕು, ಆರ್‌ಪಿಎಂ ಮುಳ್ಳು 600ಕ್ಕೂ 900ಕ್ಕೂ ನಡುವೆ ಉಯ್ಯಾಲೆ ಆಡುತ್ತಿತ್ತು. ಗೇರ್ ಲಿವರ್ ನಡುಗುತ್ತಿತ್ತು. "ಇದೇನ್ರೀ, ಗಾಡಿಗೆ ಚಳಿ ಜ್ವರನಾ?" ಅಂದಳು ಹೆಂಡತಿ. ಆಮೇಲೊಂದು ದಿನ ಚೆಕ್ ಎಂಜಿನ್ ಲೈಟ್ ಹತ್ತಿಕೊಂಡಿತು.

ಎಲ್ಲರ ಹಾಗೆ ಸರ್ವಿಸ್ ಸೆಂಟರಿಗೆ ಹೋದೆ. ಎಸಿ ರೂಮು, ಕಾಫಿ, ಟಿವಿ, ಅದಕ್ಕೇನೂ ಕೊರತೆ ಇಲ್ಲ. ಕೋಡ್ ಪಿ0171 ಬಂದಿದೆ ಅಂದರು. ಅಂದರೆ ಮಿಶ್ರಣ ಲೀನ್ ಆಗಿದೆ, ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ ಅಂತ. "ಸಾರ್, ಆಕ್ಸಿಜನ್ ಸೆನ್ಸರ್ ಹೋಗಿದೆ, ಬದಲಾಯಿಸಿದರೆ ಸರಿಹೋಗುತ್ತೆ." ಸೆನ್ಸರ್ 6,800, ಥ್ರಾಟಲ್ ಬಾಡಿ ಕ್ಲೀನಿಂಗ್ 1,200, ಲೇಬರ್ 900. ಒಟ್ಟು 8,900. ನಾಲ್ಕು ದಿನ ಚೆನ್ನಾಗಿತ್ತು. ಐದನೇ ದಿನ ಮತ್ತೆ ಅದೇ ಲೈಟು, ಅದೇ ನಡುಕ.

ಕರೆಂಟ್ ಬಿಲ್ ಜಾಸ್ತಿ ಬಂತು ಅಂತ ಮೀಟರ್ ಓದುವವನನ್ನು ಬದಲಾಯಿಸಿದ ಹಾಗೆ ಆಗಿತ್ತು ಅದು. ಆಕ್ಸಿಜನ್ ಸೆನ್ಸರ್ ಕೆಲಸ ಹೊಗೆಯಲ್ಲಿ ಆಮ್ಲಜನಕ ಎಷ್ಟಿದೆ ಅಂತ ಹೇಳೋದು ಅಷ್ಟೇ. ಹೊಸದೂ ಬಂದು ಅದೇ ದೂರು ಹೇಳಿತು ಅಂದಮೇಲೆ ಹಳೇದು ಸುಳ್ಳು ಹೇಳಿರಲಿಲ್ಲ ಅಲ್ವಾ?

ಆದರೆ ನನಗೆ ನಿಜವಾಗಿ ಉರಿದಿದ್ದು ದುಡ್ಡಿಗಲ್ಲ, ಇನ್ನೊಂದಕ್ಕೆ. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಈ ನಡುಕ ಬರೋದು ಎಂಜಿನ್ ಪೂರ್ತಿ ಬಿಸಿಯಾಗುವ ಮುಂಚೆ ಮಾತ್ರ. ಮನೆಯಿಂದ ಹೊರಟು ಕಾಲು ಗಂಟೆಯಲ್ಲಿ ಮಾಯ. ಟ್ರಾಫಿಕ್ ದಾಟಿಕೊಂಡು ಸರ್ವಿಸ್ ಸೆಂಟರ್ ಗೇಟಿನ ಒಳಗೆ ಹೋಗುವ ಹೊತ್ತಿಗೆ ಗಾಡಿ ಹಾಲು ಕುಡಿದ ಮಗುವಿನ ಹಾಗೆ ಸುಮ್ಮನೆ ನಿಂತಿರುತ್ತೆ. "ಎಲ್ಲಿ ಸಾರ್ ನಡುಕ? ಸ್ಮೂತ್ ಆಗೇ ಇದೆಯಲ್ಲ" ಅಂತ ಬಾನೆಟ್ ಮೇಲೆ ಕೈ ಇಟ್ಟು ನನ್ನ ಮುಖ ನೋಡುತ್ತಾರೆ. ಮೂರು ಸಲ ಹೀಗಾಯಿತು. ಮೂರನೇ ಸಲ ನನಗೇ ಅನುಮಾನ ಬಂತು, ನನ್ನ ಕೈಯೇ ನಡುಗುತ್ತಿದೆಯಾ ಅಂತ.

ಇಂಥ ಸಮಯಕ್ಕೆಂದೇ ಗಾಡಿಯ ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ಒಂದು ಉಪಕಾರ ಮಾಡಿರುತ್ತೆ. ಕೋಡ್ ಬಿದ್ದ ಆ ಕ್ಷಣದಲ್ಲಿ ಎಂಜಿನ್ ಎಷ್ಟು ಬಿಸಿ ಇತ್ತು, ಆರ್‌ಪಿಎಂ ಎಷ್ಟಿತ್ತು, ಸ್ಪೀಡ್ ಎಷ್ಟಿತ್ತು ಅನ್ನೋದನ್ನೆಲ್ಲ ಬರೆದಿಟ್ಟುಕೊಂಡಿರುತ್ತೆ. ಫ್ರೀಜ್ ಫ್ರೇಮ್ ಅಂತಾರೆ. ನಾನು ಬಾಯಲ್ಲಿ ಹೇಳಿ ಹೇಳಿ ಸೋತ ಮಾತನ್ನು ಅದು ಅಂಕಿಯಲ್ಲಿ ಹೇಳುತ್ತೆ. ಕೋಡ್ ಅಳಿಸಿದರೆ ಅದೂ ಅಳಿಸಿಹೋಗುತ್ತೆ. ಸರ್ವಿಸ್ ಸೆಂಟರಿನ ಹುಡುಗ ಮಾಡಿದ್ದೂ ಅದನ್ನೇ. ಸ್ಕ್ಯಾನರ್ ಚುಚ್ಚಿ, ಕೋಡ್ ಓದಿ, ಫ್ರೀಜ್ ಫ್ರೇಮ್ ಕಡೆ ಕಣ್ಣೆತ್ತಿಯೂ ನೋಡದೆ ಕ್ಲಿಯರ್ ಒತ್ತಿಬಿಟ್ಟ. ಲೈಟ್ ಆರಿತು, ನಾನೂ ಖುಷಿಯಾದೆ, ಸಾಕ್ಷಿಯೂ ಹೋಯಿತು.

ಎರಡನೇ ಸಲ ಲೈಟ್ ಬಂದಾಗ ನಾನು ಯಾರ ಹತ್ತಿರವೂ ಹೋಗಲಿಲ್ಲ. ಅಷ್ಟರಲ್ಲಿ ಸ್ಕ್ಯಾನರ್ ಮನೆಗೆ ಬಂದಿತ್ತು. ಇಎಲ್‌ಎಂ327 ಅಂತ ಸಿಗುವ, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಡಬ್ಬಿ. ಮೊದಲು ತಂದ 350 ರೂಪಾಯಿದು ಫೋನಿಗೆ ಸೇರಲೇ ಇಲ್ಲ, ಎರಡನೇದು ಸೇರಿತು. ಸ್ಟೀರಿಂಗ್ ಕೆಳಗಿನ ಸಾಕೆಟ್‌ಗೆ ಚುಚ್ಚಿ, ಫೋನಿನಲ್ಲಿ ಆ್ಯಪ್ ತೆಗೆದರೆ ಆಯಿತು. ಫ್ರೀಜ್ ಫ್ರೇಮ್‌ನಲ್ಲಿ ಇದ್ದದ್ದು: ಕೂಲಂಟ್ 71 ಡಿಗ್ರಿ, ಆರ್‌ಪಿಎಂ 780, ಸ್ಪೀಡ್ ಸೊನ್ನೆ. ನನ್ನ ಗಾಡಿ ಪೂರ್ತಿ ಬಿಸಿಯಾದಾಗ 90ರ ಹತ್ತಿರ ನಿಲ್ಲುತ್ತೆ. ಅಂದರೆ ಅರೆಬಿಸಿ ಎಂಜಿನ್, ನಿಂತ ಗಾಡಿ. ನನ್ನ ಕೈ ನಡುಗುತ್ತಿರಲಿಲ್ಲ.

ಇನ್ನು ಫ್ಯೂಯಲ್ ಟ್ರಿಮ್. ಸ್ಕ್ಯಾನರ್ ತಗೊಂಡರೆ ಇದೊಂದನ್ನು ಓದೋಕೆ ಕಲಿತರೆ ಸಾಕು. ಲೆಕ್ಕಕ್ಕಿಂತ ಎಷ್ಟು ಶೇಕಡ ಹೆಚ್ಚು ಪೆಟ್ರೋಲ್ ಹಾಕಬೇಕಾಗಿದೆ ಅಂತ ಇಸಿಯು ಅದರಲ್ಲಿ ತೋರಿಸುತ್ತೆ. ನನ್ನದು ಗಾಡಿ ನಿಂತು ಎಂಜಿನ್ ಮಾತ್ರ ಓಡುವ ಐಡ್ಲಿಂಗ್‌ನಲ್ಲಿ ಲಾಂಗ್ ಟರ್ಮ್ (ಇಸಿಯು ದಿನಗಟ್ಟಲೆ ಕಲಿತದ್ದು) 21, ಶಾರ್ಟ್ ಟರ್ಮ್ (ಆ ಕ್ಷಣದ್ದು) 8, ಎರಡೂ ಪ್ಲಸ್. ಆಕ್ಸಿಲರೇಟರ್ ಒತ್ತಿ 2,500 ಆರ್‌ಪಿಎಂನಲ್ಲಿ ಹಿಡಿದರೆ ಎರಡೂ ಸೇರಿ 9ಕ್ಕೆ ಇಳಿಯಿತು.

ಈ ಇಳಿತವೇ ರೋಗ ಹೇಳುತ್ತೆ. ಎಲ್ಲೋ ತೂತಾಗಿ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ನುಗ್ಗುತ್ತಿದ್ದರೆ ಅದರ ಕಾಟ ಐಡ್ಲಿಂಗ್‌ನಲ್ಲೇ ಜಾಸ್ತಿ. ಆಗ ಎಂಜಿನ್ ಎಳೆಯುವ ಗಾಳಿಯೇ ಕಮ್ಮಿ. ಒಂದು ಲೋಟ ಹಾಲಿಗೆ ಒಂದು ಚಮಚ ನೀರು ಬಿದ್ದರೆ ಗೊತ್ತಾಗುತ್ತೆ, ಡೈರಿಗೆ ಹೋಗುವ ಕ್ಯಾನಿಗೆ ಬಿದ್ದರೆ ಯಾರಿಗೆ ಗೊತ್ತಾಗುತ್ತೆ? ಹಾಗೇ ಇದೂ. ಅದರ ಬದಲು ಪೆಟ್ರೋಲ್ ಪಂಪ್ ಸೋತಿದ್ದರೋ ಫಿಲ್ಟರ್ ಕಟ್ಟಿದ್ದರೋ ಲೋಡ್ ಬಿದ್ದಾಗ ಟ್ರಿಮ್ ಏರಬೇಕು. ಅದನ್ನೂ ನೋಡೇಬಿಡೋಣ ಅಂತ ಭಾನುವಾರ ಬೆಳಗ್ಗೆ ಚಾಮುಂಡಿ ಬೆಟ್ಟ ಹತ್ತಿಸಿದೆ. ಪಕ್ಕದ ಸೀಟಿನಲ್ಲಿ ಮಗ ಫೋನ್ ಹಿಡಿದುಕೊಂಡು "ಆರು... ಐದು... ಆರು" ಅಂತ ಓದುತ್ತಿದ್ದ. ಏರಲೇ ಇಲ್ಲ. ಪಂಪ್ ಚೆನ್ನಾಗಿದೆ. ತಾಯಿ ದರ್ಶನವೂ ಆಯಿತು.

ಒಂದು ಮಾತು. ನನ್ನ ಗಾಡಿಯಲ್ಲಿ ಗಾಳಿ ಅಳೆಯುವ ಮಾಸ್ ಏರ್ ಫ್ಲೋ ಸೆನ್ಸರ್ ಇದೆ, ಅದಕ್ಕೇ ಈ ಲೆಕ್ಕ ಇಷ್ಟು ಸಲೀಸಾಗಿ ಸಿಕ್ಕಿತು. ಬರೀ ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಇರುವ ಗಾಡಿಯಲ್ಲಿ ಇಂಥ ಲೀಕ್ ಆದರೆ ಎಷ್ಟೋ ಸಲ ಲೀನ್ ಕೋಡ್ ಬರಲ್ಲ, ಐಡ್ಲಿಂಗ್ ಮಾತ್ರ ಏರಿ ಕೂರುತ್ತೆ.

ಸ್ಪ್ರೇ ಡಬ್ಬಿ ವಿಷಯ. 280 ರೂಪಾಯಿಯ ಕಾರ್ಬ್ ಕ್ಲೀನರ್ ತಂದು, ಎಂಜಿನ್ ಓಡುವಾಗ ಪೈಪುಗಳ ಸುತ್ತ ಚೂರು ಚೂರೇ ಹೊಡೆಯೋದು. ಲೀಕ್ ಇರುವ ಕಡೆ ಸ್ಪ್ರೇ ಒಳಗೆ ಹೋಗಿ ಎಂಜಿನ್ ಸದ್ದು ಬದಲಾಗುತ್ತೆ ಅನ್ನೋದು ಲೆಕ್ಕ. ಒಂದು ಸಲ ಆರ್‌ಪಿಎಂ ಏರಿಯೇ ಬಿಟ್ಟಿತು, ಸಿಕ್ತು ಅಂತ ಕುಣಿದೆ. ನೋಡಿದರೆ ರೇಡಿಯೇಟರ್ ಫ್ಯಾನ್ ಗಾಳಿಗೆ ಸ್ಪ್ರೇ ಏರ್ ಫಿಲ್ಟರ್ ಬಾಯಿಗೇ ಹೋಗಿತ್ತು. ಸಿಲಿಂಡರುಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡ್ ಕೆಳಗಡೆಗಂತೂ ನಳಿಕೆ ತಲುಪೋದೇ ಇಲ್ಲ. ಮೇಲಾಗಿ ಅದು ಬೇಗ ಹೊತ್ತಿಕೊಳ್ಳುವ ವಸ್ತು, ಪಕ್ಕದಲ್ಲೇ ಕಾದ ಎಗ್ಸಾಸ್ಟ್. ಮನೆ ಪೋರ್ಟಿಕೋದಲ್ಲಿ ಮಾಡುವ ಕೆಲಸ ಅಲ್ಲ. ಮೈಸೂರಿನವನಾಗಿ ಊದುಬತ್ತಿಯನ್ನೂ ಬಿಡಲಿಲ್ಲ, ಒಂದು ಕಟ್ಟು ಹಚ್ಚಿ ಪೈಪಿನೊಳಗೆ ಹೊಗೆ ಊದಿ ನೋಡಿದೆ. ಒತ್ತಡ ಇಲ್ಲದ ಹೊಗೆ ನನ್ನ ಮುಖಕ್ಕೇ ವಾಪಸ್ ಬಂತು. ಮೂರು ದಿನ ಗಾಡಿ ದೇವರ ಮನೆ ವಾಸನೆ ಹೊಡೆಯಿತು.

ಕೊನೆಗೆ ಬನ್ನಿಮಂಟಪ. ಅಲ್ಲಿನ ಭಾಯ್ ನನ್ನ ಫೋನಿನ ಸ್ಕ್ರೀನ್‌ಶಾಟ್ ನೋಡಿ, "ರಾತ್ರಿ ಇಲ್ಲೇ ಬಿಟ್ಟೋಗಿ ಸಾರ್. ಬೆಳಗ್ಗೆ ತಣ್ಣಗಿರುವಾಗಲೇ ಹೊಗೆ ಬಿಡೋಣ" ಅಂದರು. ಇಷ್ಟು ಸರಳ ಮಾತು ಅಲ್ಲಿಯವರೆಗೆ ಯಾರ ಬಾಯಿಂದಲೂ ಬಂದಿರಲಿಲ್ಲ.

ಬೆಳಗ್ಗೆ ಎಂಟಕ್ಕೆ ಹೋದೆ. ಎಂಜಿನ್ ಆಫ್. ಏರ್ ಫಿಲ್ಟರ್ ಪೈಪ್ ಬಿಚ್ಚಿ ಅದರ ಬಾಯಿ ಮುಚ್ಚಿದರು. ಬ್ರೇಕ್ ಬೂಸ್ಟರಿನ ವ್ಯಾಕ್ಯೂಮ್ ಪೈಪ್ ಜಾಗದಲ್ಲಿ ಮೆಷಿನ್ ಟ್ಯೂಬ್ ಸಿಕ್ಕಿಸಿದರು. ಎಣ್ಣೆ ಕಾಯಿಸಿ ಹೊಗೆ ಮಾಡಿ ತೀರಾ ಕಮ್ಮಿ ಒತ್ತಡದಲ್ಲಿ ಒಳಗೆ ತಳ್ಳುವ ಮೆಷಿನ್ ಅದು. ಒಂದು ನಿಮಿಷ ಏನೂ ಇಲ್ಲ. ಆಮೇಲೆ ಮ್ಯಾನಿಫೋಲ್ಡ್ ಅಡಿಯಿಂದ ಬಿಳಿ ದಾರದ ಹಾಗೆ ಹೊಗೆ ಎದ್ದಿತು. ಟಾರ್ಚ್ ಬಿಟ್ಟು ನೋಡಿದರೆ ಪಿಸಿವಿ ಹೋಸು, ಅಂದರೆ ಎಂಜಿನ್ ಒಳಗಿನ ಆವಿಯನ್ನು ಮ್ಯಾನಿಫೋಲ್ಡಿಗೆ ಒಯ್ಯುವ ರಬ್ಬರ್ ಪೈಪು, ಅದು ಮೊಣಕೈ ಹಾಗೆ ಬಾಗುವ ಕಡೆ, ಅದರ ಹೊಟ್ಟೆಯ ಭಾಗ. ಉಗುರಿನಲ್ಲಿ ಗೀರಿದಷ್ಟೇ ಬಿರುಕು. ಭಾಯ್ ಹೆಬ್ಬೆರಳಿನಲ್ಲಿ ಒತ್ತಿದರು, ಬಾಯಿ ತೆರೆಯಿತು. ಬಿಟ್ಟರು, ಮುಚ್ಚಿಕೊಂಡಿತು. ಬಿಸಿಗೆ ರಬ್ಬರ್ ಮೆತ್ತಗಾಗಿ ಈ ಬಾಯಿ ತಾನೇ ಮುಚ್ಚಿಕೊಳ್ಳುತ್ತಿತ್ತು, ಅದಕ್ಕೇ ಸರ್ವಿಸ್ ಸೆಂಟರಿನಲ್ಲಿ ಗಾಡಿ ಮಗುವಿನ ಹಾಗೆ ನಿಲ್ಲುತ್ತಿತ್ತು. ಹೊಗೆ ಪರೀಕ್ಷೆಗೆ 500, ಹೋಸಿಗೆ ಕ್ಲಿಪ್ ಸೇರಿ 380.

ಈಗ ಟ್ರಿಮ್ ಪ್ಲಸ್ 4ರ ಆಸುಪಾಸು ನಿಂತಿದೆ. ಅದನ್ನು ನಾನು ಇ20 ಪೆಟ್ರೋಲಿನ ಲೆಕ್ಕಕ್ಕೆ ಹಾಕಿದ್ದೇನೆ. ತೂಕದ ಲೆಕ್ಕದಲ್ಲಿ ಬರೀ ಪೆಟ್ರೋಲಿಗೆ ಒಂದು ಪಾಲಿಗೆ 14.7 ಪಾಲು ಗಾಳಿ ಬೇಕು, 20 ಪರ್ಸೆಂಟ್ ಎಥೆನಾಲ್ ಸೇರಿದರೆ ಸುಮಾರು 13.5 ಸಾಕು, ಹಾಗಾಗಿ ಹಳೇ ಗಾಡಿ ಸ್ವಲ್ಪ ಜಾಸ್ತಿ ಕುಡಿಯಲೇಬೇಕು. ಹೆಂಡತಿಯ ತವರು ಮಂಡ್ಯ, ಮಾವನವರದ್ದು ಕಬ್ಬಿನ ಗದ್ದೆ. ಎಥೆನಾಲ್ ಬಗ್ಗೆ ಇದಕ್ಕಿಂತ ಹೆಚ್ಚು ಮಾತಾಡಲ್ಲ.

ವಾರಂಟಿಯಲ್ಲಿರುವ ಗಾಡಿ ಆದರೆ ಸರ್ವಿಸ್ ಸೆಂಟರಿಗೇ ಹೋಗಿ, ಆದರೆ ಹಿಂದಿನ ರಾತ್ರಿಯೇ ಬಿಟ್ಟು ಬನ್ನಿ, ಕೋಡ್ ಅಳಿಸುವ ಮುಂಚೆ ಫ್ರೀಜ್ ಫ್ರೇಮ್ ಫೋಟೋ ಕೇಳಿ. ನನ್ನ ಹಾಗೆ ಹಳೇ ಗಾಡಿ, ಅಳೆದು ಸುರಿದು ಖರ್ಚು ಮಾಡುವ ಜನ, ಭಾನುವಾರ ಬಾನೆಟ್ ಎತ್ತುವ ಚಟ ಇರುವವರು ಸ್ಕ್ಯಾನರ್ ತಗೊಳ್ಳಿ. ಕೆಲಸ ಆದಮೇಲೆ ಕಿತ್ತಿಡಿ, ಚುಚ್ಚಿಯೇ ಬಿಟ್ಟರೆ ಬ್ಯಾಟರಿ ಕುಡಿಯುತ್ತೆ. ಸ್ಪ್ರೇ ಡಬ್ಬಿ ಮುಕ್ಕಾಲು ಉಳಿದಿದೆ. ಏನೂ ಆಗಿರದ ಆ ಹಳೇ ಆಕ್ಸಿಜನ್ ಸೆನ್ಸರನ್ನು ಕೇಳಿ ವಾಪಸ್ ತಗೊಂಡಿದ್ದೆ, ಪೇಪರ್ ಸುತ್ತಿ ಡಿಕ್ಕಿಯಲ್ಲಿಟ್ಟಿದ್ದೇನೆ. ತರಕಾರಿ ಚೀಲ ಇಡುವಾಗಲೆಲ್ಲ ಹೆಂಡತಿ ಅದನ್ನು ಪಕ್ಕಕ್ಕೆ ಸರಿಸಿ, ಬಾಯಿಬಿಟ್ಟು ಏನೂ ಹೇಳದೆ ನನ್ನ ಕಡೆ ಒಂದು ಸಲ ನೋಡುತ್ತಾಳೆ.